ಪಟ್ಟಿಯಲ್ಲಿಲ್ಲದ ಅಪ್ಪ

ಒಂದು ಪಕಾರ ಜಾರಿ ಮಕಾರವಾದರೆ ಲೋಕವೇನೂ ಮುಳುಗುವುದಿಲ್ಲ. ಹಾಸಿಗೆ ಹೊಲಿಯುವವನ ಮನೆ ಮಾತ್ರ ಮುಳುಗಿತು.

ಅವನ ಹೆಸರಿನ ಬಾಲದಲ್ಲಿ ಒಂದು 'ಅಪ್ಪ' ಇತ್ತು. ಮತದಾರರ ಪಟ್ಟಿ ಟೈಪ್ ಮಾಡಿದ ಪುಣ್ಯಾತ್ಮ ತೂಕಡಿಸಿದ ಗಳಿಗೆಯಲ್ಲಿ ಅದು 'ಅಮ್ಮ' ಆಗಿಬಿಟ್ಟಿತ್ತು. ಹೆಸರೇ ಅಮ್ಮನಾದ ಮೇಲೆ ತನ್ನದೇನು ಹಟ ಎಂಬಂತೆ ಪಕ್ಕದ ಕಾಲಮ್ಮೂ 'ಹೆಣ್ಣು' ಎಂದು ಒಪ್ಪಿಕೊಂಡಿತ್ತು.

ಇದು ಅವನಿಗೆ ತಿಳಿದದ್ದು ಶಾಲೆಯ ಆಫೀಸಿನ ಕಿಟಕಿಯಲ್ಲಿ. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಅಂದೇ ಕೊನೆಯ ದಿನ. ಈ ಶಾಲೆ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಇಲ್ಲಿ ಸಿಗದಿದ್ದರೆ ಮುಂದಿನದು ಹೆದ್ದಾರಿಯ ಆಚೆ. ಯಾರಿಗೂ ನಿಲ್ಲದ ಲಾರಿಗಳ ಆ ರಸ್ತೆಯನ್ನು ಮಗು ದಿನಾ ದಾಟುವುದನ್ನು ನೆನೆದರೆ, ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ತಂದೆ ಇದೇ ವಾರ್ಡಿನೋರು ಅನ್ನೋದಕ್ಕೆ ಪಟ್ಟಿ ಕೊಟ್ಟಿದ್ದೀರಿ," ಎಂದ ಗುಮಾಸ್ತ. "ಇದ್ರಲ್ಲಿ ನಿಮ್ಮ ಮನೇಲಿರೋದು ಇಬ್ರೇ. ಇಬ್ರೂ ಹೆಂಗಸರು. ತಂದೆ ಎಲ್ಲಿ?"

"ನಿಮ್ಮ ಮುಂದೇನೇ ನಿಂತಿದೀನಲ್ಲ ಸಾರ್."

"ನಿಂತಿರೋದು ಕಾಣ್ತಿದೆ. ಪಟ್ಟೀಲಿ ಕಾಣ್ಬೇಕು." ಗುಮಾಸ್ತ ಕೆಂಪು ಪೆನ್ನು ತೆಗೆದು, ಅರ್ಜಿಯಲ್ಲಿದ್ದ ತಂದೆಯ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ. "ನಾಲ್ಕು ಗಂಟೆ ಒಳಗೆ ತಿದ್ದಿಸ್ಕೊಂಡ್ ಬನ್ನಿ. ಆಮೇಲೆ ಮತ್ತೆ ಬರ್ಕೋತೀನಿ."

ದಾರಿಯಲ್ಲಿ ಪಕ್ಕದ ಮನೆಯ ಕಾಯ್ದೆ ಮಾಮ ಗಂಟುಬಿದ್ದರು. ಕೋರ್ಟಿನ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತರಾದವರು. ಚಹಾ ಕೊಡುತ್ತ ಕೊಡುತ್ತ ಕಾನೂನೆಲ್ಲ ಕಿವಿಗೆ ಬಿದ್ದಿತ್ತು. "ನೀನು ಬಾಯಿ ಬಿಡ್ಬೇಡ ಕಣಯ್ಯಾ, ನಾನು ಮಾತಾಡ್ತೀನಿ," ಎಂದು ಕರೆಯದಿದ್ದರೂ ಹೊರಟರು.

ಚುನಾವಣಾ ಶಾಖೆಯ ಅಧಿಕಾರಿ ಪಟ್ಟಿಯನ್ನೂ ಇವನನ್ನೂ ಬಹಳ ಹೊತ್ತು ಹೋಲಿಸಿ ನೋಡಿದ.

"ತಿದ್ದುಪಡಿ ಅರ್ಜಿ ಪಟ್ಟೀಲಿರೋರೇ ಕೊಡ್ಬೇಕು. ಪಟ್ಟೀಲಿರೋದು ಹೆಂಗಸು. ಅವರನ್ನ ಕರ್ಕೊಂಡ್ ಬನ್ನಿ."

"ಅವರು ನಾನೇ ಸಾರ್."

"ಅವರು ನೀವೇ ಆದ್ರೆ ಪಟ್ಟಿ ಸರಿಯಾಗಿದೆ. ಇನ್ನು ತಿದ್ದೋದೇನು?"

ಹಾಸಿಗೆಯವನು ಹತ್ತಿ ಅಂಟಿದ ತನ್ನ ಮೀಸೆಯನ್ನು ಮುಟ್ಟಿ ತೋರಿಸಿದ.

"ಮೀಸೆಗೆ ಇಲ್ಲಿ ಕಾಲಮ್ ಇಲ್ಲ," ಎಂದ ಅಧಿಕಾರಿ, ನಿಜವಾಗಿಯೂ ಮರುಗಿ.

ಕಾಯ್ದೆ ಮಾಮ ಗಂಟಲು ಸರಿಮಾಡಿಕೊಂಡರು. "ಸ್ವಾಮಿ, ನಾನು ಪಕ್ಕದ ಮನೆಯೋನು. ಈ ಹೆಸರಿನ ಹೆಂಗಸು ಆ ಮನೇಲಿ ಇಲ್ಲವೇ ಇಲ್ಲ. ಬೇಕಾದ್ರೆ ಬರ್ಕೊಡ್ತೀನಿ."

"ಹಾಗೆ ಹೇಳಿ ಮತ್ತೆ. ಇಲ್ಲದವರ ಹೆಸರು ತೆಗೆಯೋದು ಸುಲಭ," ಎಂದು ಅಧಿಕಾರಿ ಬೇರೆ ಕಾಗದ ಎಳೆದುಕೊಂಡ. ಬೆಳಿಗ್ಗೆ ಹೆಣ್ಣಾಗಿದ್ದ ಹಾಸಿಗೆಯವನು ಮಧ್ಯಾಹ್ನಕ್ಕೆ ಯಾರೂ ಅಲ್ಲದವನಾಗುವುದರಲ್ಲಿದ್ದ. ಅವನು ಮೇಜಿನ ಮೇಲೆ ಬಾಗಿ, ಆ ಕಾಗದವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

"ಮಗು ಹೆದ್ದಾರಿ ದಾಟ್ಬೇಕಾಗುತ್ತೆ ಸಾರ್," ಎಂದ.

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ. "ಮೇಲೆ ಜನನ ನೋಂದಣಿ ವಿಭಾಗ ಇದೆ. ನೀವು ಹುಟ್ಟಿದಾಗ ಏನಾಗಿದ್ರಿ ಅಂತ ಬರೆದಿರ್ತಾರೆ. ಅದನ್ನ ತನ್ನಿ."

ಹಳೆಯ ರಿಜಿಸ್ಟರುಗಳ ಧೂಳು, ಮೈಮೇಲಿನ ಹತ್ತಿ, ಎರಡೂ ಸೇರಿ ಅವನು ಸೀನಿ ಸೀನಿ ಸುಣ್ಣವಾದ. ಕಾಯ್ದೆ ಮಾಮ ಊಟದ ಹೊತ್ತಾಯಿತೆಂದು ಕಳಚಿಕೊಂಡರು. ನಡುನಡುವೆ ಹೆಂಡತಿಯ ಫೋನು ಬರುತ್ತಿತ್ತು. ಗೋಡೆಯ ಮೇಲೆ 'ಮೌನ' ಎಂದು ಬರೆದಿದ್ದರಿಂದ ಅವನು ಪ್ರತಿ ಸಲವೂ ಅದರ ಬಾಯಿ ಮುಚ್ಚಿಸಿದ. ಕೊನೆಗೊಂದು ಹಳದಿ ಪುಟದಲ್ಲಿ 'ಗಂಡು ಮಗು' ಎಂಬ ಎರಡು ಪದ ಸಿಕ್ಕವು. ತಾನು ಹುಟ್ಟಿದ್ದಕ್ಕೆ ಅವನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಅಧಿಕಾರಿ ಮಕಾರ ಅಳಿಸಿ ಪಕಾರ ಕೂರಿಸಿ, ತಿದ್ದಿದ ಪ್ರತಿಗೆ ಸೀಲು ಒತ್ತಿಕೊಟ್ಟ. ಹಾಸಿಗೆಯವನು ಓಡಿದ. ನಾಲ್ಕಕ್ಕೆ ಇನ್ನೂ ಸಮಯವಿರುವಾಗಲೇ ಶಾಲೆಯ ಮೆಟ್ಟಿಲು ಹತ್ತಿದ.

ಕಿಟಕಿ ಮುಚ್ಚಿತ್ತು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಅವನ ಹೆಂಡತಿ ಕೂತಿದ್ದಳು, ಪಕ್ಕದಲ್ಲಿ ಮಗಳು. ಮುಖ್ಯೋಪಾಧ್ಯಾಯಿನಿ ಮಗುವಿನ ತಲೆ ಸವರುತ್ತಿದ್ದರು. ಅವರ ಮೂಗಿನ ತುದಿ ಕೆಂಪಾಗಿತ್ತು.

ಬಾಗಿಲಲ್ಲಿ ಗಂಡನನ್ನು ಕಂಡದ್ದೇ ಹೆಂಡತಿ ಕಣ್ಣರಳಿಸಿ, ಬೇಡ ಬೇಡ ಎಂಬಂತೆ ತಲೆಯಾಡಿಸಿದಳು. ತಡವಾಯಿತೆಂದು ಬೈಯುತ್ತಿದ್ದಾಳೆ ಅಂದುಕೊಂಡ ಅವನು ನೇರ ಹೋಗಿ ಕಾಗದವನ್ನು ಮೇಜಿನ ಮೇಲಿಟ್ಟ.

"ಮೇಡಂ, ನಾನು ಈ ಮಗುವಿನ ಅಪ್ಪ. ಸೀಲ್ ಇದೆ, ನೋಡಿ."

ಮುಖ್ಯೋಪಾಧ್ಯಾಯಿನಿ ಸೀಲನ್ನೂ ಅವನ ಮುಖವನ್ನೂ ನೋಡಿದರು.

"ನೀವು ಇದ್ದೀರಾ?" ಎಂದರು ಅವರು ಮೆಲ್ಲಗೆ.

"ಇದೀನಿ ಮೇಡಂ. ಈಗ ಪಟ್ಟೀಲೂ ಇದೀನಿ."

ಅವರು ಕನ್ನಡಕ ತೆಗೆದು ಒರೆಸಿದರು. "ಮಿಕ್ಕ ಸೀಟೆಲ್ಲ ಮಧ್ಯಾಹ್ನಕ್ಕೇ ತುಂಬಿದ್ವು. ತಂದೆ ಇಲ್ಲದ ಮಗುವಿಗೆ ಅಂತ ಒಂದು ಸೀಟು ಇಟ್ಟಿರ್ತೀವಿ. ಈ ಅರ್ಜೀಲಿ ತಂದೆ ಹೆಸರು ಹೊಡೆದು ಹಾಕಿತ್ತು. ತಾಯೀನ, ಮಗೂನ ಕರೆಸಿದೆ. 'ಅಪ್ಪ ಎಲ್ಲಿ ಪುಟ್ಟಾ' ಅಂದೆ. 'ಅಪ್ಪ ಹೋದ್ರು' ಅಂತು. ನಿಮ್ಮ ಮನೆಯವರು ಕಣ್ಣು ಒರೆಸ್ಕೊಂಡ್ರು. ಅದಕ್ಕಿಂತ ಹೆಚ್ಚು ನಾನೇನು ಕೇಳ್ಲಿ? ಈಗ ತಾನೇ ಸೀಟು ಬರೆದೆ."

"ಕಣ್ಣಿಗೆ ಧೂಳು ಬಿದ್ದಿತ್ತು," ಎಂದಳು ಹೆಂಡತಿ, ನೆಲ ನೋಡುತ್ತ.

"ನೀವು ಬದುಕಿರೋದು ಬಹಳ ಸಂತೋಷದ ವಿಷಯ," ಎಂದು ಮುಖ್ಯೋಪಾಧ್ಯಾಯಿನಿ ಎದ್ದು ನಿಂತು ಗೌರವದಿಂದ ಹೇಳಿದರು. ಆಮೇಲೆ ಕೂತು, ಮಗುವಿನ ಹೆಸರಿನ ಮೇಲೆ ಗೆರೆ ಎಳೆದರು.

ಮೂವರೂ ಬೀದಿಗೆ ಬಂದರು. ದೂರದಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುವ ಸದ್ದು ಕೇಳುತ್ತಿತ್ತು. ಮನೆಯ ತಿರುವಿನಲ್ಲಿ ಹೆಂಡತಿ ನಿಂತು ಅವನ ಮುಖ ನೋಡಿದಳು.

"ಮದುವೆ ಆದಾಗಿನಿಂದ ಒಂದು ದಿನ ಹೇಳಿದ್ ಹೊತ್ತಿಗೆ ಬಂದೋರಲ್ಲ ನೀವು. ಇವತ್ತೇ ಬರ್ಬೇಕಿತ್ತಾ?"