ತೊಂಬತ್ತೈದು ಸಾವಿರದ ಅಳಿಯ

ಆ ಶನಿವಾರ ಬೆಳಿಗ್ಗೆ ಮಾವನವರ ದೋಸೆ ತಟ್ಟೆಯ ಪಕ್ಕದಲ್ಲಿ ಪೇಪರಿನ ಕ್ರೀಡಾಪುಟ ತಂದಿಟ್ಟವನು ಸ್ವತಃ ತಾರಾನಾಥನೇ. ಬೇಸ್‌ಬಾಲ್ ನೋಡಲು ಹೊರಟಿದ್ದೇವೆ, ಅದರ ನಿಯಮಗಳು ಮಾವನಿಗೆ ಸ್ವಲ್ಪ ತಿಳಿದಿರಲಿ ಎಂಬ ಸದುದ್ದೇಶ. ಆದರೆ ಪತ್ರಿಕೆಯವರು ಅವತ್ತು ನಿಯಮ ಹಾಕಿರಲಿಲ್ಲ. ಎರಡೂ ತಂಡದ ಆಟಗಾರರ ಸಂಬಳದ ಪಟ್ಟಿ ಹಾಕಿದ್ದರು.

ಮಗಳ ಮನೆ ನೋಡಲೆಂದು ಅಮೆರಿಕಕ್ಕೆ ಬಂದಿದ್ದ ಮಾವ ಮೋನಪ್ಪನವರು ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದು, ಉಡುಪಿಯಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಅಂಕಿಗಳ ಪಟ್ಟಿ ಕಂಡರೆ ಅವರಿಗೆ ಬೆಕ್ಕಿಗೆ ಬಂಗುಡೆ ಮೀನು ಕಂಡ ಹಾಗೆ. ಕನ್ನಡಕ ಏರಿಸಿ ದೋಸೆ ಮರೆತರು.

"ಇದೆಂತದು ಮಾರಾಯ್ರೆ, ಇವನೊಬ್ಬನಿಗೇ ಒಂದೂವರೆ ಕೋಟಿ ಡಾಲರ್! ಭುಜ ನೋವು ಅಂತ ಈ ಸಲ ಆಡುವುದೇ ಇಲ್ವಂತೆ. ಆದ್ರೂ ಕೊಡ್ತಾರಾ?"

"ಕೊಡ್ತಾರೆ ಮಾವ, ಕಾಂಟ್ರ್ಯಾಕ್ಟು."

"ಭುಜ ನೋವಿಗೆ ಇಷ್ಟು!" ಎಂದರು ಅತ್ತೆ ರತ್ನಾವತಿ ಒಳಗಿನಿಂದ. "ನನ್ನ ಸೊಂಟ ನೋವಿಗೆ ಇಪ್ಪತ್ತು ವರ್ಷ ಆಯ್ತು. ಒಂದು ಮುಲಾಮು ತಂದುಕೊಡುವವರಿಲ್ಲ."

ತಾರಾನಾಥ ನಗಲಿಲ್ಲ. ಸಂಬಳ ಎಂಬ ಶಬ್ದ ಕಿವಿಗೆ ಬಿದ್ದರೆ ಅವನು ಮಾತು ಬದಲಿಸಲು ದಾರಿ ಹುಡುಕುತ್ತಿದ್ದ. ಮೂರು ವರ್ಷದ ಹಿಂದೆ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಶ್ರೀಜಾಳ ಮನೆಗೆ ಹೋದಾಗ ಮೋನಪ್ಪನವರು ಚಹಾ ಆರುವ ಮೊದಲೇ "ಸಂಬಳ ಎಷ್ಟು ಬರ್ತದೆ?" ಎಂದು ಕೇಳಿದ್ದರು. ಅದೇ ವಾರ ನ್ಯೂಜೆರ್ಸಿಯ ದಂತವೈದ್ಯನೊಬ್ಬ ಬಂದು ಹೋಗಿದ್ದ, ಅವನದ್ದು ವರ್ಷಕ್ಕೆ ಎಂಬತ್ತೈದು ಸಾವಿರ ಡಾಲರಂತೆ. ತಾರಾನಾಥನ ಬಾಯಿಂದ "ತೊಂಬತ್ತೈದು ಸಾವಿರ" ಎಂದು ಹೊರಟುಹೋಯಿತು. ಆಗ ಅವನಿಗಿದ್ದದ್ದು ಐವತ್ತೆಂಟು. ಈಗ ಬೆಳೆದು ಅರವತ್ತನಾಲ್ಕು.

ಮದುವೆಯಾದ ಎರಡನೇ ತಿಂಗಳಲ್ಲಿ ಶ್ರೀಜಾಳಿಗೆ ವಿಷಯ ಗೊತ್ತಾಯಿತು. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಅಪ್ಪನಿಗೆ ಗೊತ್ತಾಗಬಾರದು. ಅವರು ಇಡೀ ಊರಿಗೆ ಹೇಳಿ ಆಗಿದೆ" ಎಂದು ಮಾತಿಗೆ ಮರಳಿದಳು. ಊರಲ್ಲಿ ಮೋನಪ್ಪನವರು ಅವನನ್ನು ಪರಿಚಯಿಸುವುದೇ "ನಮ್ಮ ತೊಂಬತ್ತೈದು ಸಾವಿರದ ಅಳಿಯ" ಎಂದು. ಹೆಸರು ಆಮೇಲೆ, ಯಾರಾದರೂ ಕೇಳಿದರೆ.

ಈವತ್ತು ಆ ಮಾವನವರು ತಾರಾನಾಥನ ಬಾಸ್ ಜೊತೆ ಕೂತು ಮೂರು ಗಂಟೆ ಆಟ ನೋಡುವವರಿದ್ದರು.

ಬಾಸ್ ಹೆಸರು ಮರಿನೊವಿಚ್. ಸ್ಯಾನ್ ಪೀಡ್ರೊ ಬಂದರಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುವ ಸಣ್ಣ ಕಂಪನಿ ಅವನದ್ದು. ಹುಟ್ಟಿದ್ದು ಸ್ಯಾನ್ ಡಿಯೇಗೊ. ಲಾಸ್ ಏಂಜಲೀಸಿನಲ್ಲಿ ಮೂವತ್ತು ವರ್ಷ ಉಂಡರೂ ಹುಟ್ಟೂರಿನ ಪಾಡ್ರೆಸ್ ತಂಡಕ್ಕೇ ಜೈ ಅನ್ನುವ ಹಟಮಾರಿ. ವರ್ಷಕ್ಕೊಮ್ಮೆ ಲಾಸ್ ಏಂಜಲೀಸಿನ ಡಾಜರ್ಸ್ ತಂಡ ಅಲ್ಲಿಗೆ ಆಡಲು ಹೋದಾಗ ಆಫೀಸಿನವರನ್ನೆಲ್ಲ ಸಂಸಾರ ಸಮೇತ ಕರೆಯುತ್ತಿದ್ದ. ಬರುವುದಿಲ್ಲ ಎಂದವರನ್ನು ನೆನಪಿಟ್ಟುಕೊಳ್ಳುತ್ತಿದ್ದ.

ಸ್ಯಾಂಟಾ ಕ್ಲಾರಿಟಾದ ಮನೆಯಿಂದ ಸ್ಯಾನ್ ಡಿಯೇಗೊಗೆ ಮೂರು ತಾಸಿನ ಡ್ರೈವ್. ಮಾವ ಮುಂದಿನ ಸೀಟಿನಲ್ಲಿ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಎರಡು ಸಲ ಕೂಡಿದರು.

"ಡಾಜರ್ಸಿನದ್ದು ಹತ್ತು ಕೋಟಿಯ ಮೇಲೆ. ಪಾಡ್ರೆಸಿನದ್ದು ಆರು ಕೋಟಿಯೂ ಇಲ್ಲ. ಹೆಚ್ಚುಕಡಿಮೆ ಅರ್ಧ! ಒಂದೇ ಚೆಂಡು, ಒಂದೇ ಕೋಲು, ಸಂಬಳ ಮಾತ್ರ ಹೀಗಾ? ನಮ್ಮ ಬ್ಯಾಂಕಿನಲ್ಲಾದರೆ ಯೂನಿಯನ್‌ನವರು ಬಾಗಿಲು ಮುಚ್ಚಿಸುತ್ತಿದ್ದರು."

ತಾರಾನಾಥ ಸಮಯ ನೋಡಿ ಮೆಲ್ಲನೆ ಹೇಳಿದ. "ಮಾವ, ಇಲ್ಲಿ ಒಂದು ಪದ್ಧತಿ. ಯಾರ ಹತ್ತಿರವೂ ಸಂಬಳದ ಮಾತು ತೆಗೆಯಬಾರದು. ಮರ್ಯಾದೆ ಅಲ್ಲ."

"ಪೇಪರಿನಲ್ಲಿ ಹಾಕುವುದು ಮರ್ಯಾದೆ, ಬಾಯಿಬಿಟ್ಟು ಕೇಳುವುದು ಅಮರ್ಯಾದೆ?"

ತಾರಾನಾಥ ಇನ್ನೊಂದು ಬಾಣ ಬಿಟ್ಟ. "ನಮ್ಮ ಬಾಸಿಗೆ ಕಿವಿ ಅಷ್ಟು ಕೇಳುವುದಿಲ್ಲ ಮಾವ. ಸುಮ್ಮನೆ ಮಾತಾಡಿಸಿ ಅವರಿಗೆ ಕಷ್ಟ ಕೊಡುವುದು ಬೇಡ."

"ಪಾಪ," ಎಂದರು ಮೋನಪ್ಪನವರು. ತಾರಾನಾಥನಿಗೆ ಸಮಾಧಾನವಾಯಿತು. ಅವನ ಸಮಾಧಾನಗಳೆಲ್ಲ ಸಾಮಾನ್ಯವಾಗಿ ಹೀಗೆ ಬೇಗ ಬರುತ್ತಿದ್ದವು.

ಮೈದಾನದಲ್ಲಿ ಅವನು ಮದುವೆ ಫೋಟೋಕ್ಕೆ ಜನ ನಿಲ್ಲಿಸುವವನ ಹಾಗೆ ಎಲ್ಲರನ್ನೂ ಕೂರಿಸಿದ. ಮರಿನೊವಿಚ್ ಪಕ್ಕ ಶ್ರೀಜಾ, ಆಮೇಲೆ ಅತ್ತೆ, ಆಮೇಲೆ ತಾನು, ಆಚೆ ಕೊನೆಗೆ ಮಾವ. ಬಾಸಿಗೂ ಮಾವನಿಗೂ ನಡುವೆ ಮೂರು ಜನರ ಕೋಟೆ. ಆದರೆ ಕೋಟೆಯ ಹಿಂಬಾಗಿಲಲ್ಲಿ, ಮಾವನ ಇನ್ನೊಂದು ಮಗ್ಗುಲಿಗೆ, ನೀಲಕಂಠಪ್ಪ ಬಂದು ಕೂತ.

ಧಾರವಾಡ ಕಡೆಯ ಈ ನೀಲಕಂಠಪ್ಪ ತಾರಾನಾಥನ ಕೈಕೆಳಗೆ ಸೇರಿ ಎರಡು ವರ್ಷವಾಗಿತ್ತು. ಆಫೀಸಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವನಿಗೆ ವಾಸನೆ ಬರುತ್ತಿತ್ತು.

"ನಮಸ್ಕಾರ್ರೀ ಯಜಮಾನ್ರ. ಇಲ್ಲಿ ಕನ್ನಡ ಕೇಳಿ ಜೀವ ತಂಪಾತು."

"ನಮಸ್ಕಾರ. ನಿಮಗೆ ಎಷ್ಟು ಬರ್ತದೆ?" ಎಂದರು ಮೋನಪ್ಪನವರು. ಮರ್ಯಾದೆಯ ಪದ್ಧತಿ ಅಮೆರಿಕನ್ನರಿಗೆ ತಾನೇ, ಇವನು ಕನ್ನಡದವ.

"ಎಪ್ಪತ್ತೆರಡು ಸಾವಿರ್ರೀ. ಅದರಾಗ ಮುಚ್ಚಿಡೂದು ಏನೈತಿ?"

ತಾರಾನಾಥ ಬಾಯಿಗೆ ಒಯ್ದಿದ್ದ ಜೋಳದ ಚಿಪ್ಸನ್ನು ಮತ್ತೆ ನಾಚೋಸ್ ತಟ್ಟೆಗೇ ಇಟ್ಟ. ಎಪ್ಪತ್ತೆರಡು! ಇವನಿಗೆ ಕಂಟೇನರ್ ಎಂದರೆ ಯಾವ ಕಡೆ ಬಾಗಿಲು ಎಂದು ಕಲಿಸಿದ್ದು ತಾನು. ತನಗೆ ಅರವತ್ತನಾಲ್ಕು!

"ಅಷ್ಟು ಹೆಂಗೆ ಸಿಕ್ಕಿತು ನೀಲಕಂಠಪ್ಪ?" ಎಂದ, ಧ್ವನಿ ಸಣ್ಣದಾಗಿತ್ತು.

"ಕೇಳಿದ್ನಿ, ಕೊಟ್ರು. ನೀವು ಕೇಳೂದಿಲ್ಲೇನು?"

"ನಮ್ಮ ಅಳಿಯನಿಗೆ ಕೇಳುವ ಅಗತ್ಯ ಎಂತ?" ಎಂದು ಮೋನಪ್ಪನವರು ಎದೆ ಉಬ್ಬಿಸಿದರು. "ಇವರಿಗೆ..."

ತಾರಾನಾಥ ನಾಚೋಸ್ ತಟ್ಟೆಯನ್ನು, ಬಿಸಿ ಚೀಸು ಸಮೇತ, ತನ್ನ ಪ್ಯಾಂಟಿನ ಮೇಲೆ ಬೋರಲು ಹಾಕಿಕೊಂಡ. ಮಾವನ ಮಾತು ಅಲ್ಲಿಗೆ ನಿಂತಿತು. ಅತ್ತೆ "ಅಯ್ಯೋ ದೇವರೇ" ಎಂದರು. ಉದ್ದೇಶ ತಿಳಿದ ಶ್ರೀಜಾ ಒಬ್ಬಳೇ ಅವನನ್ನು ಮೆಚ್ಚುಗೆಯಿಂದ ನೋಡಿದಳು; ಮದುವೆಯಾದ ಮೇಲೆ ಅದು ಎರಡನೆಯ ಸಲ.

ಅವನು ಪ್ಯಾಂಟು ತೊಳೆದುಕೊಂಡು ಬರುವಷ್ಟರಲ್ಲಿ ಕೋಟೆ ಬಿದ್ದಿತ್ತು. ಮಾವನ ಕಣ್ಣಿಗೆ ಬಿಸಿಲು ಹೊಡೆಯುತ್ತದೆಂದು ಕಂಡ ಮರಿನೊವಿಚ್ ಸಜ್ಜನಿಕೆಯಿಂದ ಅವರನ್ನು ನೆರಳಿಗೆ, ತನ್ನ ಪಕ್ಕಕ್ಕೇ ಕರೆಸಿಕೊಂಡಿದ್ದ. ಅಪ್ಪನ ಸೀಟಿಗೆ ಹೋಗಬೇಕಾಗಿ ಬಂದ ಶ್ರೀಜಾ ಆ ತುದಿಯಿಂದ ಕಣ್ಣಲ್ಲೇ ಕೈಚೆಲ್ಲಿದಳು.

ಮರಿನೊವಿಚ್ ತನ್ನ ನೆಚ್ಚಿನ ಪುರಾಣ ಬಿಚ್ಚಿದ್ದ. "ನೋಡಿ ಸರ್, ಅವರು ನಮ್ಮ ಎರಡರಷ್ಟು ದುಡ್ಡು ಸುರಿಯುತ್ತಾರೆ. ಗೆಲುವಿನ ಪಟ್ಟಿಯಲ್ಲಿ ನೋಡಿದರೆ ಇಬ್ಬರೂ ಅಕ್ಕಪಕ್ಕ! ನಾನು ಕಂಪನಿ ನಡೆಸುವುದೂ ಹೀಗೆಯೇ. ಬಂದರಿನ ಆಚೆ ದಡದಲ್ಲಿ ಒಂದು ದೊಡ್ಡ ಕಂಪನಿ ಇದೆ. ಹೋದ ವರ್ಷ ನನ್ನ ಇಬ್ಬರನ್ನು ದುಡ್ಡು ತೋರಿಸಿ ಎಳೆದುಕೊಂಡರು. ನಾನು ಅಳಲಿಲ್ಲ. ಯಾರ ಕಣ್ಣಿಗೂ ಬೀಳದವರನ್ನು ಅಗ್ಗಕ್ಕೆ ಹುಡುಕಿ ತರುತ್ತೇನೆ. ಬೆಲೆ ಏರಿತೋ, ಕೈಕುಲುಕಿ ಕಳಿಸುತ್ತೇನೆ. ನಿಮ್ಮ ಅಳಿಯ ಟೆರಿ ನನಗೆ ಸಿಕ್ಕ ಅತ್ಯಂತ ಅಗ್ಗದ ರತ್ನ!"

ಅಗ್ಗ ಎಂಬ ಮಾತು ಮೋನಪ್ಪನವರಿಗೆ ಸಹಿಸಲಾಗಲಿಲ್ಲ. ಊರಿಡೀ ಹೊತ್ತು ತಿರುಗಿದ ಅಂಕಿ ಅದು. ಜೊತೆಗೆ, ಎದುರಿಗಿರುವವನಿಗೆ ಪಾಪ ಕಿವಿ ಕೇಳುವುದಿಲ್ಲ. ಅವರು ಬಾಸ್ ಕಿವಿಯ ಹತ್ತಿರ ಬಾಯಿಟ್ಟು, ಯಕ್ಷಗಾನದ ವೇಷ ರಂಗಕ್ಕೆ ಬಂದಂಥ ಗಂಟಲಿನಲ್ಲಿ, ಬ್ಯಾಂಕಿನ ಇಂಗ್ಲಿಷಿನಲ್ಲಿ ಸಾರಿದರು:

"ಮಹಾಶಯರೇ! ವರ್ಷಕ್ಕೆ ತೊಂಬತ್ತೈದು ಸಾವಿರ ಡಾಲರ್ ಅಗ್ಗವೇ?"

ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ನೀಲಕಂಠಪ್ಪನ ಬಾಯಿಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು. ಮರಿನೊವಿಚ್ ಕಿವಿ ಉಜ್ಜಿಕೊಂಡು, "ತೊಂಬತ್ತೈದು?" ಎಂದ.

"ತೊಂಬತ್ತೈದು!" ಎಂದರು ಮೋನಪ್ಪನವರು, ಇನ್ನೂ ಗಟ್ಟಿಯಾಗಿ.

ಮರಿನೊವಿಚ್ ಮೆಟ್ಟಿಲ ಬಳಿ ನಿಂತಿದ್ದ ತಾರಾನಾಥನನ್ನು ದೀರ್ಘವಾಗಿ ನೋಡಿದ. ಒದ್ದೆ ಪ್ಯಾಂಟಿನಲ್ಲಿ ನಿಂತವನಿಗೆ ಆತ್ಮವಿಶ್ವಾಸ ಕಷ್ಟ. ತಾರಾನಾಥ ಹಲ್ಲು ಬಿಟ್ಟ. ಬಾಸ್ ಆಟದ ಕಡೆ ತಿರುಗಿದ.

"ಆ ಹುಡುಗ ಅಷ್ಟೊತ್ತಿನಿಂದ ಬರೀ ಉಗುಳ್ತಾ ಇದ್ದಾನಲ್ಲ," ಎಂದರು ಅತ್ತೆ, ಮೈದಾನದ ನಡುವೆ ನಿಂತವನನ್ನು ತೋರಿಸಿ. "ಕೋಟಿ ಕೊಡುವವರಿಗೆ ಒಂದು ಪೀಕದಾನಿ ಕೊಡ್ಲಿಕ್ಕೆ ಆಗುವುದಿಲ್ವಾ?"

ಈ ಆಟದ ಪದ್ಧತಿಯಂತೆ ಏಳನೆಯ ಇನ್ನಿಂಗ್ಸ್ ನಡುವೆ ಮೈ ಮುರಿಯಲು ಎಲ್ಲರೂ ಎದ್ದು ನಿಂತು ಹಾಡತೊಡಗಿದರು. ರಾಷ್ಟ್ರಗೀತೆ ಇರಬೇಕೆಂದು ಮೋನಪ್ಪನವರು ಸೆಟೆದು ನಿಂತರು. ಆ ಗದ್ದಲದಲ್ಲಿ ನೀಲಕಂಠಪ್ಪ ಜನರ ಕಾಲು ತುಳಿಯುತ್ತ ಬಾಸ್ ಹತ್ತಿರ ಹೋದ. ಕೈ ಆಡಿಸಿದ. ತಾರಾನಾಥನ ಕಡೆ ಬೆರಳು ತೋರಿಸಿದ. ಬಾಸ್ ಲೆಕ್ಕ ಹಾಕುವವನ ಹಾಗೆ ಆಕಾಶ ನೋಡಿದ, ಆಮೇಲೆ ತಲೆಯಾಡಿಸಿದ. ಇಬ್ಬರೂ ಕೈಕುಲುಕಿದರು.

ಆವತ್ತು ಯಾವ ತಂಡ ಗೆದ್ದಿತು ಎಂದು ತಾರಾನಾಥನಿಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ಆಟದುದ್ದಕ್ಕೂ ಅವನು ಒಂದು ವಾಕ್ಯ ಕಟ್ಟುತ್ತಿದ್ದ. 'ಸರ್, ಮದುವೆ ಸಮಯದಲ್ಲಿ ಬಾಯಿ ತಪ್ಪಿ ಹೇಳಿದ್ದು, ಕ್ಷಮಿಸಿ.' ಬಾಸ್ ನಗಬಹುದು. ಆಫೀಸಿನಲ್ಲಿ ಒಂದು ತಿಂಗಳು ಎಲ್ಲರೂ ನಗಬಹುದು. ಮಾವನಿಗೆ ತಿಳಿಯದಿದ್ದರೆ ಸಾಕು.

ಗೇಟಿನ ಹತ್ತಿರ ಮರಿನೊವಿಚ್ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದ.

"ಸರ್, ಅದು ನಮ್ಮ ಮಾವ ಹೇಳಿದ್ದು..."

"ನಿನ್ನ ಮಾವ ಬ್ಯಾಂಕಿನವರು ಟೆರಿ, ಅಂಕಿಯಲ್ಲಿ ತಪ್ಪುವವರಲ್ಲ. ನಾನು ಕೊಡುವುದು ಅರವತ್ತನಾಲ್ಕು. ಹಾಗಾದರೆ ತೊಂಬತ್ತೈದು ಕೊಡುವವರು ಯಾರು? ಆಚೆ ದಡದವರು! ಮನೆಯವರಿಗೆ ಮೊದಲು ಹೇಳಿದ್ದೀಯ, ನನಗೆ ಹೇಳಲು ಸಂಕೋಚ. ನನಗೆ ಬೇಜಾರಿಲ್ಲ."

ತಾರಾನಾಥ ಕಟ್ಟಿಟ್ಟ ವಾಕ್ಯ ಒಳಗೇ ಉಳಿಯಿತು.

"ನೀಲ್ ಬಂದು, ಅವನಿಗೆ ತೊಂಬತ್ತೈದಾದರೆ ನನಗೂ ಕೊಡಿ, ಇಲ್ಲ ಹೋಗುತ್ತೇನೆ ಅಂದ. ಒಂದೇ ದಿನ ಇಬ್ಬರನ್ನು ಕಳೆದುಕೊಳ್ಳಲು ನನ್ನಂಥ ಬಡ ತಂಡಕ್ಕೆ ಆಗುತ್ತದೆಯೇ? ಒಪ್ಪಿಕೊಂಡೆ. ನಿನ್ನ ಕೆಲಸವನ್ನೂ ಅವನೇ ಮಾಡುತ್ತಾನೆ. ನಿಮ್ಮಿಬ್ಬರಿಗೆ ಸೇರಿ ನೂರ ಮೂವತ್ತಾರು ಹೋಗುತ್ತಿತ್ತು, ಇನ್ನು ತೊಂಬತ್ತೈದು. ನಿಜ ಹೇಳಲಾ? ನನಗೆ ಲಾಭ!"

ಅಷ್ಟರಲ್ಲಿ ಮೋನಪ್ಪನವರು ಹೆಂಡತಿ ಮಗಳೊಂದಿಗೆ ಬಂದು ಅಳಿಯನ ಪಕ್ಕ ನಿಂತರು. ಮರಿನೊವಿಚ್ ಅವರಿಗೂ ಕೇಳುವಂತೆ ಹೇಳಿದ:

"ಕೊನೆಯ ಸಲ ಕೇಳುತ್ತೇನೆ ಟೆರಿ. ನಿನಗೆ ಆಚೆ ದಡದಿಂದ ಕರೆ ಬಂದಿದೆ ತಾನೇ? ಇಲ್ಲ, ಅದೆಲ್ಲ ಸುಳ್ಳು ಅನ್ನುವುದಾದರೆ ಈಗಲೇ ಹೇಳಿಬಿಡು. ನೀಲ್‌ಗೆ ಇನ್ನೂ ಸಹಿ ಹಾಕಿ ಕೊಟ್ಟಿಲ್ಲ. ಸೋಮವಾರ ಬಂದು ನಿನ್ನ ಕುರ್ಚಿಯಲ್ಲೇ ಕೂರು."

"ಎಂತ ಕರೆ?" ಎಂದರು ಮೋನಪ್ಪನವರು. ಮುಖ ದೀಪಾವಳಿಯ ಅಂಗಳದ ಹಾಗೆ ಬೆಳಗುತ್ತಿತ್ತು. "ದೊಡ್ಡ ಕಂಪನಿಯವರು ಕರೆದಿದ್ದಾರಾ? ನಮಗೆ ಹೇಳಲೇ ಇಲ್ಲ!"

ತಾರಾನಾಥ ಬಾಸನ್ನು ನೋಡಿದ. ಮಾವನನ್ನು ನೋಡಿದ. ಸುಳ್ಳು ಎಂದರೆ ಯಾವ ಸುಳ್ಳು, ನಿಜ ಎಷ್ಟು, ಎಂದು ಮುಂದಿನ ಪ್ರಶ್ನೆ ಬರುತ್ತದೆ. ಕೇಳುವವರು ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು.

"ಹೌದು ಸರ್," ಎಂದ. "ಬಂದಿದೆ."

ಮರಿನೊವಿಚ್ ಕೈಕುಲುಕಿದ. ಗೇಟಿನ ಬಳಿ ಸೇರಿದ್ದ ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು. ನೀಲಕಂಠಪ್ಪ ಬಂದು ತಬ್ಬಿಕೊಂಡು, "ನಿಮ್ಮ ಉಪಕಾರ ಸಾಯೂತನಕ ಮರೆಯೂದಿಲ್ರೀ" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ವಾಪಸ್ಸು ಹೊರಟಾಗ ಫ್ರೀವೇ ತುಂಬಿ ಕಾರುಗಳು ಆಮೆಯಂತೆ ತೆವಳುತ್ತಿದ್ದವು. ಹಿಂದೆ ಅತ್ತೆ ನಿದ್ದೆ ಹೋಗಿದ್ದರು. ಮೋನಪ್ಪನವರು ಬೆರಳಲ್ಲಿ ಏನೋ ಲೆಕ್ಕ ಹಾಕಿದರು.

"ಅಲ್ಲ ಅಳಿಯಂದ್ರೆ, ತೊಂಬತ್ತೈದು ಬಿಟ್ಟು ಹೋಗ್ತಿದ್ದೀರಿ ಅಂದಮೇಲೆ ಹೊಸಬರು ಅದಕ್ಕಿಂತ ಮೇಲೆಯೇ ಕೊಡ್ಬೇಕಲ್ಲ. ಎಷ್ಟು?"

ತಾರಾನಾಥ ಮುಂದಿನ ಕಾರಿಗೆ ತಾಗದಂತೆ ಬ್ರೇಕು ಒತ್ತಿದ. ಈ ಸಲ ನಿಜವನ್ನೇ ಹೇಳಿಬಿಡೋಣ ಎಂದು ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹಿಂದಿನ ಸೀಟಿನಿಂದ ಶ್ರೀಜಾಳ ಧ್ವನಿ ಬಂತು, ತಣ್ಣಗೆ, ಸ್ಪಷ್ಟವಾಗಿ:

"ನೂರಿಪ್ಪತ್ತು, ಅಪ್ಪ."

"ನೂರಿಪ್ಪತ್ತು!" ಮೋನಪ್ಪನವರು ತೊಡೆ ತಟ್ಟಿಕೊಂಡರು. ಗಡಿಯಾರ ನೋಡಿ ಮನಸ್ಸಿನಲ್ಲೇ ಹನ್ನೆರಡೂವರೆ ತಾಸು ಕೂಡಿದರು. "ಉಡುಪಿಯಲ್ಲಿ ಈಗ ಬೆಳಗಾಗ್ತಾ ಉಂಟು, ಎಲ್ಲರೂ ಎದ್ದಿರ್ತಾರೆ. ಎಲ್ಲಿ, ನಿಮ್ಮ ಫೋನು ಕೊಡಿ ಸ್ವಲ್ಪ."

ತಾರಾನಾಥ ಜೇಬಿನಿಂದ ಫೋನು ತೆಗೆದು ಕೊಟ್ಟ. ಕಂಪನಿಯ ಫೋನು. ಸೋಮವಾರ ಬೆಳಿಗ್ಗೆ ವಾಪಸ್ಸು ಮಾಡಬೇಕಾದದ್ದು.