ಗಂಧದ ಸಸಿ ಮಾರುವವಳ ಪಾಡು

ಮಾವಿನ ಸಸಿ ಕೊಂಡವರು ಮತ್ತೆ ನನ್ನ ಹತ್ತಿರ ಬರುವುದಿಲ್ಲ. ಹಣ್ಣು ಬಿಟ್ಟಾಗ ನೆನಪೂ ಮಾಡಿಕೊಳ್ಳುವುದಿಲ್ಲ. ಶ್ರೀಗಂಧದ ಸಸಿ ಕೊಂಡವರು ಮಾತ್ರ ನೆಂಟರ ಹಾಗೆ ಬರುತ್ತಲೇ ಇರುತ್ತಾರೆ. ಮಲವಗೊಪ್ಪದಲ್ಲಿ ರಸ್ತೆ ಪಕ್ಕ ನರ್ಸರಿ ಇಟ್ಟು ಹದಿನಾಲ್ಕು ವರ್ಷವಾಯಿತು, ಈ ನೆಂಟಸ್ತಿಕೆ ಇನ್ನೂ ತೀರಿಲ್ಲ.

ವಾಸನೆ

ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಒಂದು ಸಸಿ ಒಯ್ದಿದ್ದರು. ಇಪ್ಪತ್ತು ದಿನಕ್ಕೆ ಅದನ್ನು ಕುಂಡದ ಸಮೇತ ಬಸ್ಸಿನಲ್ಲಿ ವಾಪಸ್ ತಂದರು. ನಾನು ಯಾವುದೋ ಕಾಡುಗಿಡ ಕೊಟ್ಟಿದ್ದೇನೆ ಅನ್ನುವುದು ಅವರ ದೂರು. ಎಲೆ ಉಜ್ಜಿ ನೋಡಿದರಂತೆ, ತೊಗಟೆ ಕೆರೆದು ನೋಡಿದರಂತೆ, ಕಡೆಗೆ ಹೆಂಡತಿಯನ್ನೂ ಕರೆದು ಮೂಸಿಸಿದರಂತೆ. ಆಕೆಗೆ ಸಗಣಿ ಗೊಬ್ಬರದ ವಾಸನೆ ಬಿಟ್ಟು ಇನ್ನೇನೂ ಸಿಗಲಿಲ್ಲವಂತೆ.

ಎಲೆಯಲ್ಲಿ ಗಂಧ ಇರುವುದಿಲ್ಲ, ಮರ ಬಲಿತು ಒಳಗೆ ಚೇಗು ಅನ್ನುವ ಗಟ್ಟಿ ತಿರುಳು ಕಟ್ಟಿದ ಮೇಲೆ ಅದರಲ್ಲಿ ಬರುವುದು, ಅದಕ್ಕೆ ಹದಿನೈದು ಇಪ್ಪತ್ತು ವರ್ಷ ಬೇಕು ಅಂತ ವಿವರಿಸಿದೆ. ಅವರಿಗಾಗಲೇ ಎಪ್ಪತ್ತು. ಪಾಪ, ನೊಂದುಕೊಳ್ಳುತ್ತಾರೇನೋ ಅಂದುಕೊಂಡೆ. ಅವರು ಬೆರಳು ಮಡಚಿ ಏನೋ ಎಣಿಸಿ, ಕುಂಡವನ್ನು ಮತ್ತೆ ಎತ್ತಿಕೊಂಡರು.

"ಹಾಗಾದ್ರೆ ಸರಿ ಕಣಮ್ಮ. ನನಗೆ ಗಂಧದ ಕಟ್ಟಿಗೆ ಬೇಕಾಗೋದೂ ಅಷ್ಟೊತ್ತಿಗೇ."

ಮನೆಅಳಿಯ

ಗಂಧದ ಗಿಡ ಒಂಟಿಯಾಗಿ ಬದುಕುವುದಿಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಅದರ ಆಹಾರ ಹೀರುತ್ತದೆ. ಅದಕ್ಕೇ ಜೊತೆಗೊಂದು ತೊಗರಿ ಗಿಡ ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ. ಪರಾವಲಂಬಿ ಅಂದರೆ ಯಾರ ತಲೆಗೂ ಹೋಗುತ್ತಿರಲಿಲ್ಲ. "ಮನೆಅಳಿಯ ಇದ್ದ ಹಾಗೆ" ಅಂದರೆ ತಕ್ಷಣ ಅರ್ಥವಾಗುತ್ತಿತ್ತು, ನಗುತ್ತಲೂ ಇದ್ದರು.

ಗಾಜನೂರಿನ ಯಜಮಾನರೊಬ್ಬರು ಮಾತ್ರ ನಗಲಿಲ್ಲ. ಅವರ ಹಿಂದೆ ಸಸಿಗಳನ್ನು ಗೂಡ್ಸ್ ಆಟೋಗೆ ತುಂಬುತ್ತಿದ್ದವನು ಕೈ ನಿಲ್ಲಿಸಿ ನನ್ನನ್ನೇ ನೋಡಿದ. ಅವನೇ ಅವರ ಮನೆಅಳಿಯ ಅಂತ ತಿಳಿದಾಗ ನಾನು ನಾಲಿಗೆ ಕಚ್ಚಿಕೊಂಡೆ. ಇಂಥದ್ದು ಮನೆಯಲ್ಲಿ ಒಂದಿದೆ, ಇನ್ನೂ ಐವತ್ತು ಬೇಕಾ ಅಂತ ಯಜಮಾನರು ಗೊಣಗಿದರು. ಅಳಿಯ ಸಸಿಗಳನ್ನು ಕೆಳಗಿಳಿಸಲಿಲ್ಲ.

"ಅಕ್ಕಾ, ಕೊನೆಗೆ ಘಮ ಬರೋದು ತೊಗರಿಯಿಂದಲೋ ಗಂಧದಿಂದಲೋ, ಅದನ್ನೂ ನಮ್ಮ ಮಾವನಿಗೆ ಒಂಚೂರು ಹೇಳಿಬಿಡಿ" ಅಂದ.

ಬೋರ್ಡು

ನಮ್ಮೆದುರು ಗ್ಯಾರೇಜ್ ಇಟ್ಟಿರುವ ಭಾಯ್ ಹತ್ತು ವರ್ಷದ ಹಿಂದೆ ತಮ್ಮ ಮನೆ ಹಿತ್ತಲಲ್ಲಿ ನಮ್ಮದೇ ಗಂಧದ ಸಸಿ ನೆಟ್ಟಿದ್ದರು. ಅದೀಗ ತೋಳುಗಾತ್ರ ಆಗಿದೆ. ಕಳ್ಳರ ಸುದ್ದಿ ಓದಿ ಓದಿ ಅವರಿಗೆ ಹೆದರಿಕೆ ಹತ್ತಿತು. ಒಂದು ದಿನ ತಗಡಿನ ಮೇಲೆ "ಇದು ಗಂಧದ ಮರ ಅಲ್ಲ" ಅಂತ ಬರೆದು ಆ ಮರಕ್ಕೆ ಕಟ್ಟಿದರು. ಅಲ್ಲಿಯವರೆಗೆ ಅದು ಏನು ಮರ ಅಂತ ಯಾರಿಗೂ ಗೊತ್ತಿರಲಿಲ್ಲ. ಈಗ ಹಾಲಿನವನೂ ಗಾಡಿ ನಿಲ್ಲಿಸಿ ನೋಡತೊಡಗಿದ.

ಒಂದೇ ಮರಕ್ಕೆ ಬೋರ್ಡು ಹಾಕಿದರೆ ಯಾರಿಗಾದರೂ ಅನುಮಾನ ಬರುತ್ತದೆ ಅಂತ ಬುದ್ಧಿ ಹೇಳಿದೆ. ಅದನ್ನು ತೆಗೆಯಲಿ ಅನ್ನುವುದು ನನ್ನ ಮಾತಿನ ಅರ್ಥ. ಮರುದಿನ ಮಾವು, ತೆಂಗು, ಸಪೋಟ, ಸೀಬೆ, ನಾಲ್ಕಕ್ಕೂ ಅದೇ ಬೋರ್ಡು ಬಂತು. ಅಷ್ಟರಲ್ಲಿ ತಗಡು ಮುಗಿಯಿತು. ಮೂಲೆಯ ನುಗ್ಗೆ ಮರ ಹಾಗೇ ಉಳಿಯಿತು.

ವಾರದ ಮೇಲೆ ಬೆಳಿಗ್ಗೆ ಭಾಯ್ ರಸ್ತೆ ದಾಟಿ ಓಡಿಬಂದು, ಹೋಯ್ತು ಅಂದರು. ನೀರಿನ ಪೈಪು ಅಲ್ಲೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ಗಂಧದ ಮರ ಅಲುಗದೆ ನಿಂತಿದೆ, ನುಗ್ಗೆಯನ್ನು ಬುಡಕ್ಕೇ ಕೊಯ್ದು ಹೊತ್ತೊಯ್ದಿದ್ದಾರೆ. ಉಳಿದವೆಲ್ಲ ಗಂಧ ಅಲ್ಲ ಅಂತ ಬರೆದುಕೊಂಡಿರುವಾಗ ಬಾಯಿ ಮುಚ್ಚಿಕೊಂಡಿದ್ದದ್ದು ಅದೊಂದೇ. ಇನ್ನು ಸಾರಿಗೆ ನುಗ್ಗೆಕಾಯಿ ಎಲ್ಲಿಂದ ತರಲಿ ಅಂತ ಭಾಯ್ ಹೆಂಡತಿ ಬೈಯುತ್ತಿದ್ದರು. ಭಾಯ್ ಮಾತ್ರ ಗಂಧದ ಮರದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನಿಂತಿದ್ದರು.

"ಈಗಿನ ಕಾಲದಲ್ಲಿ ಯಾರೂ ಓದಲ್ಲ ಅಂತಾರೆ ಅಕ್ಕ. ನೋಡಿ, ಐದೂ ಬೋರ್ಡು ಓದಿದ್ದಾರೆ."