ಭೈರ ಕೆಂಪಗಾದ ಬಗೆ

ಎದುರಿಗಿರುವವರು ಮಾತು ಮುಗಿಸುವ ಮೊದಲೇ ಹೂಂಗುಟ್ಟುವ ಕೆಟ್ಟ ಅಭ್ಯಾಸ ನನಗಿದೆ. ಆಫೀಸಿನಲ್ಲಿ ಹೀಗೆ ಹೂಂಗುಟ್ಟಿಯೇ ಪ್ರತಿ ವರ್ಷ ಆಯುಧಪೂಜೆಯ ಕಡಲೆಪುರಿ ಹಂಚುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ನನ್ನ ಮದುವೆಯೂ ಸುಮಾರಾಗಿ ಹಾಗೆಯೇ ಆಯಿತು ಎಂದು ಬರೆಯುವ ಆಸೆಯಿದೆ. ಆದರೆ ಇದನ್ನು ಮೊದಲು ಓದುವವಳು ನನ್ನ ಹೆಂಡತಿ ಗಿರಿಜೆ, ಆದ್ದರಿಂದ ಅದು ಬೇಡ. ಅರೆಕೆರೆಯಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಲೀಕರು ಮುನಿಯಪ್ಪನವರು. ಅವರ ಮಂಡಿಗೆ ಆಪರೇಷನ್ ಆಗಿ, ಗಂಡಹೆಂಡತಿ ಇಬ್ಬರೂ ಮೂರು ತಿಂಗಳ ಮಟ್ಟಿಗೆ ವಿಲ್ಸನ್ ಗಾರ್ಡನ್ನಿನ ಮಗಳ ಮನೆಗೆ ಹೊರಟರು. ಆಗ ಅವರ ಕಪ್ಪು ನಾಯಿ ಭೈರನ ಹಗ್ಗ ಮಹಡಿಯ ಮೇಲಿರುವ ನನ್ನ ಕೈಗೆ ಬಂತು.

"ದಿನಾ ಒಂದು ಮೊಟ್ಟೆ ಬೇಯಿಸಿ ಹಾಕಿ ಸಾಮಿ, ಭಾನ್ವಾರ ಒಸಿ ಕೋಳಿ. ನಿಮ್ ಕೈಲಿ ಆಗುತ್ತಾ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆ ಕಡೆ ಬಿಡ್ತೀನಿ," ಎಂದರು ಮುನಿಯಪ್ಪ. "ಹೂಂ, ಆಗುತ್ತೆ ಬಿಡಿ," ಎಂದೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆ ಅಡಿಗೆಮನೆಗೆ ಬರುವುದಿರಲಿ, ನಮ್ಮ ಮಾತಿನಲ್ಲೂ ಬರುವುದಿಲ್ಲ. ಗಿರಿಜೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ನಾಯಿ ಇರ್ಲಿ ಪಾಪ. ಆದ್ರೆ ಈ ಮನೇಲಿ ಮೊಟ್ಟೆ ಬೇಯಲ್ಲ." ಅಲ್ಲಿಗೆ ಭೈರನಿಗೆ ಬೆಳಿಗ್ಗೆ ಮೊಸರನ್ನ, ಸಂಜೆ ಮೊಸರನ್ನ. ತಿಂದು, ತಟ್ಟೆ ನೆಕ್ಕಿ, ನನ್ನ ಮುಖ ನೋಡಿ ಬಾಲ ಅಲ್ಲಾಡಿಸಿ, ತಾರಸಿಯ ನೀರಿನ ಟ್ಯಾಂಕಿನ ಪಕ್ಕ ದಿನವಿಡೀ ಬಿಸಿಲಿಗೆ ಮೈಯೊಡ್ಡಿ ಮಲಗುತ್ತಿದ್ದ. ಬಾಲ ಅಲ್ಲಾಡಿಸಿದ್ದನ್ನು ನಾನು ಊಟ ಚೆನ್ನಾಗಿದೆ ಎಂಬ ಅರ್ಥದಲ್ಲಿ ತೆಗೆದುಕೊಂಡೆ.

ಎರಡನೆಯ ತಿಂಗಳ ಕೊನೆಗೆ ಭೈರನ ಬೆನ್ನು ಮಾಸಲಾಗಿ ಕಂಡಿತು. ಬನ್ನೇರುಘಟ್ಟ ರಸ್ತೆಯ ಧೂಳಿರಬೇಕೆಂದು ಶಾಂಪೂ ಹಾಕಿ ತಿಕ್ಕಿದೆ. ಧೂಳು ಹೋಗಿ ಒಳಗಿನ ಕೆಂಪು ಇನ್ನೂ ಚೆನ್ನಾಗಿ ಹೊಳೆಯಿತು. ಬೆನ್ನು, ತೊಡೆ, ಬಾಲ ಎಲ್ಲವೂ ತುಕ್ಕು ಹಿಡಿದ ಗೇಟಿನ ಬಣ್ಣ. ಬೀದಿಗೆ ಕರೆದುಕೊಂಡು ಹೋದರೆ ಇಸ್ತ್ರಿ ಅಂಗಡಿಯ ಸೆಲ್ವಂ ಪೆಟ್ಟಿಗೆ ಕೆಳಗಿಟ್ಟು ದಿಟ್ಟಿಸಿದ. "ಸಾರ್, ಇದು ಓನರ್ ನಾಯಿ ಅಲ್ವಲ್ಲ! ಅದು ಕರ್ರಗಿತ್ತು. ಅದನ್ನ ಕಳ್ಕೊಂಡು ಬೇರೇದು ತಂದ್ರಾ?"

ಬೀದಿಯವನೇ ಹೀಗೆಂದರೆ ಮುನಿಯಪ್ಪನವರು ಏನೆಂದಾರು? ಹನ್ನೊಂದು ವರ್ಷದಿಂದ ನಮ್ಮನ್ನು ನಂಬಿ ಮನೆ ಕೊಟ್ಟವರು, ಮರಿಯಿಂದ ಸಾಕಿದ ಪ್ರಾಣಿಯನ್ನೂ ನಂಬಿಯೇ ಒಪ್ಪಿಸಿದ್ದರು. ಮನೆ ಖಾಲಿ ಮಾಡಿಸಿದರೂ ಹೋಗಲಿ, ಇನ್ನು ಮುಂದೆ ಅವರ ಮುಖವನ್ನು ಹೇಗೆ ನೋಡುವುದು? ಅಷ್ಟರಲ್ಲಿ ಅವರ ವಿಡಿಯೋ ಕಾಲ್‌ಗಳು ಶುರುವಾದವು. "ಒಂದ್ಸಲ ಭೈರನ್ನ ತೋರ್ಸಿ ಸಾಮಿ." ನಾನು ಭೈರನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸುತ್ತಿದ್ದೆ. ಹಿಂದಿನಿಂದ ಬೆಳಕು ಬಿದ್ದರೆ ಜಗತ್ತಿನ ಎಲ್ಲ ನಾಯಿಗಳೂ ಕಪ್ಪೇ.

ಅವರು ಬರಲು ಹತ್ತು ದಿನ ಉಳಿದಿರುವಾಗ ತಡೆಯಲಾರದೆ ಜೆ.ಪಿ. ನಗರದ ನಾಯಿ ಡಾಕ್ಟರ ಹತ್ತಿರ ಓಡಿದೆ. "ಊಟಕ್ಕೆ ಏನು ಕೊಡ್ತೀರಾ?" ಎಂದರು ಆಕೆ. "ಮೊಸರನ್ನ ಮೇಡಂ." "ಅದರ ಜೊತೆಗೆ?" "ಹಬ್ಬದ ದಿನ ಪಾಯಸ." ಅವರು ಪೆನ್ನು ಕೆಳಗಿಟ್ಟರು. "ಕಪ್ಪು ಬಣ್ಣ ಮೈಯೊಳಗೇ ತಯಾರಾಗ್ಬೇಕು ಸಾರ್, ಅದಕ್ಕೆ ಪ್ರೋಟೀನ್ ಬೇಕು. ಅದು ಸಾಕಾಗಿಲ್ಲ, ಮೇಲೆ ಬಿಸಿಲಿಗೂ ಬಿಟ್ಟಿದ್ದೀರಾ. ಕೂದಲು ಕೆಂಪಾಗದೆ ಇನ್ನೇನಾಗುತ್ತೆ? ಮೊಟ್ಟೆ ಕೊಡಿ. ಹೊಸ ಕೂದಲು ಬರೋಕೆ ತಿಂಗಳುಗಟ್ಟಲೆ ಬೇಕು." ನನ್ನ ಬಳಿ ಇದ್ದದ್ದು ಹತ್ತು ದಿನ. ಮೇಜಿನ ಕೆಳಗೆ ಭೈರ ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗಿದ್ದ. ಎರಡೂವರೆ ತಿಂಗಳು ಅರೆಹೊಟ್ಟೆಯಲ್ಲಿಟ್ಟವನ ಪಾದದ ಮೇಲೆ! ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಾರನೆಯ ದಿನದಿಂದ ನಾನು ಕಳ್ಳನಾದೆ. ಆಫೀಸಿನವರು ದೀಪಾವಳಿಗೆ ಕೊಟ್ಟ ಕರೆಂಟ್ ಕೆಟಲ್ ಅಟ್ಟದಲ್ಲಿತ್ತು. ಗಿರಿಜೆ ಪೂಜೆಗೆ ಕೂತ ಹೊತ್ತಿಗೆ ತಾರಸಿಗೆ ಹೋಗಿ, ವಾಷಿಂಗ್ ಮಷಿನ್ನಿನ ಪ್ಲಗ್ಗಿಗೆ ಕೆಟಲ್ ಸಿಕ್ಕಿಸಿ, ಐವತ್ತೆರಡನೆಯ ವಯಸ್ಸಿನಲ್ಲಿ ಜೀವನದ ಮೊದಲ ಮೊಟ್ಟೆ ಬೇಯಿಸಿದೆ. ಸಿಪ್ಪೆಯನ್ನು ಎಲ್ಲಿ ಹಾಕುವುದು? ಹಸಿ ಕಸದ ಬುಟ್ಟಿಯನ್ನು ಗಿರಿಜೆ ಸ್ವತಃ ಪರಿಶೀಲಿಸಿ ಕೊಡುವವಳು. ಹಾಗಾಗಿ ಸಿಪ್ಪೆ ಕಾಗದದಲ್ಲಿ ಸುತ್ತಿಕೊಂಡು ನನ್ನ ಪ್ಯಾಂಟಿನ ಜೇಬಿನಲ್ಲಿ ಆಫೀಸಿಗೆ ಬರುತ್ತಿತ್ತು. ಒಂದು ದಿನ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡು ಹಿಂದಿನ ಸೀಟಿನವನನ್ನು ಕೆಕ್ಕರಿಸಿ ನೋಡಿದೆ.

ಅವರು ವಾಪಸು ಬರುವ ಭಾನುವಾರ ಬಂದೇ ಬಂತು. ಮುನಿಯಪ್ಪನವರು ಕೋಲೂರಿಕೊಂಡು ಕಾರಿನಿಂದಿಳಿದು ಅಂಗಳದಲ್ಲಿ ನಿಂತರು. ಭೈರನ ಮೇಲೆ ಬಿದ್ದ ಕಣ್ಣನ್ನು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಕೊನೆಗೆ "ಲೇ ಭೈರ" ಎಂದರು. ಹಗ್ಗ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು, ಭೈರ ಅವರ ಕಾಲಿಗೆ ಸುತ್ತಿಕೊಂಡ. ಸದ್ಯ, ನಾಯಿ ಅದೇ ಎಂಬುದಾದರೂ ಸಾಬೀತಾಯಿತು. "ಏನ್ಲಾ ಇದು ನಿನ್ ಗತಿ," ಎಂದು ಅವನ ಬೆನ್ನು ಸವರಿದವರು ತಲೆಯೆತ್ತಿ ನನ್ನನ್ನು ನೋಡಿದರು. "ಸಾಮಿ, ಮೊಟ್ಟೆ ಹಾಕಿದ್ರೋ ಇಲ್ವೋ?"

ಎದುರಿಗೆ ಮುನಿಯಪ್ಪ, ಪಕ್ಕದಲ್ಲಿ ಗಿರಿಜೆ. ಹಾಕಿದೆ ಎಂದರೆ ಇವಳ ಮುಂದೆ ಸತ್ತೆ, ಇಲ್ಲ ಎಂದರೆ ಅವರ ಮುಂದೆ. ನಾನು ಲೆಕ್ಕ ಹಾಕುವಷ್ಟರಲ್ಲಿ ಗಿರಿಜೆಯೇ ಉತ್ತರಿಸಿದಳು. "ಹಾಕಿದ್ದಾರೆ ಅಣ್ಣ. ದಿನಾ ತಾರಸೀಲಿ ಬೇಯಿಸ್ತಾರೆ. ನಂಗೆ ವಾಸನೆ ಬರಲ್ಲ ಅಂದ್ಕೊಂಡಿದ್ದಾರೆ." ಅವಳ ಮೇಲೆ ನನಗೆ ಉಕ್ಕಿದ ಪ್ರೀತಿ ಎರಡೇ ಕ್ಷಣ ಇತ್ತು. ಅವಳದು ಪ್ರಾಮಾಣಿಕ ಸ್ವಭಾವ. "ಹತ್ತು ದಿನದಿಂದ," ಎಂದು ಸೇರಿಸಿದಳು.

ಮುನಿಯಪ್ಪನವರು ರೇಗಲಿಲ್ಲ. ರೇಗಿದ್ದರೆ ಒಳ್ಳೆಯದಿತ್ತು. "ಆಗಲ್ಲ ಅಂದಿದ್ರೆ ಆಗಿತ್ತಲ್ಲ ಸಾಮಿ," ಎಂದಷ್ಟೇ ಹೇಳಿ ಶಿಕ್ಷೆ ವಿಧಿಸಿದರು: ಭೈರ ಮೊದಲಿನಷ್ಟು ಕಪ್ಪಾಗುವವರೆಗೆ ದಿನಾ ಬೆಳಿಗ್ಗೆ ನಾನೇ ಮೊಟ್ಟೆ ಬೇಯಿಸಿ, ಕೆಳಗೆ ತಂದು, ಅವರ ಕಣ್ಣೆದುರಿಗೇ ತಿನ್ನಿಸಬೇಕು.

ಇದಾಗಿ ಐದು ತಿಂಗಳಾಯಿತು. ಭೈರನ ಬೆನ್ನು ಮಿರಮಿರ ಮಿಂಚುತ್ತಿದೆ, ಬಾಲವೂ ಕಪ್ಪಾಗಿದೆ. ಮೂತಿಯ ಸುತ್ತ ಮಾತ್ರ ಒಂದಿಷ್ಟು ಬಿಳಿ ಉಳಿದಿದೆ. "ಅದೊಂದು ಆಗ್ಬಿಟ್ರೆ ನಿಮ್ಗೆ ಬಿಡುಗಡೆ ಸಾಮಿ," ಎನ್ನುತ್ತಾರೆ ಮುನಿಯಪ್ಪ. ಮೊನ್ನೆ ಡಾಕ್ಟರಿಗೆ ತೋರಿಸಿದೆ. ಅದು ವಯಸ್ಸಿನ ಬಿಳಿಯಂತೆ, ಯಾವ ಮೊಟ್ಟೆಗೂ ಕಪ್ಪಾಗುವುದಿಲ್ಲವಂತೆ. ಈ ವಿಷಯವನ್ನು ನಾನು ಮುನಿಯಪ್ಪನವರಿಗೆ ಇನ್ನೂ ಹೇಳಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಮೆಟ್ಟಿಲ ಬುಡದಲ್ಲಿ ಭೈರ ನನಗಾಗಿ ಕಾದು ನಿಂತಿರುತ್ತಾನೆ. ನೀವೂ ದಯವಿಟ್ಟು ಹೇಳಬೇಡಿ.